ಹಿಂಗಾರಿ ಬಿಳಿಜೋಳ: ಅರ್ಧ ಬೆಳಿ ಬಿತ್ತೋಕಿಂತ ಮೊದ್ಲ ತೀರ್ಮಾನ ಆಗಿರ್ತೈತಿ

ಹಿಂಗಾರಿ ಜೋಳ ಚಲೋ ಬರ್ಲಿಲ್ಲ ಅಂದ್ರ ನಮ್ಮ ಕಡಿ ಮಂದಿ ಮೊದ್ಲ ಬೀಜಕ್ಕ ಬೈತಾರ, ಆಮ್ಯಾಲ ಗೊಬ್ಬರಕ್ಕ, ಕಡೀಕ ಮಳಿರಾಯಗ. ಮೂರರಾಗೂ ಸ್ವಲ್ಪ ಸ್ವಲ್ಪ ಖರೇ ಇರ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ವಿಜಯಪುರ, ಬಾಗಲಕೋಟಿ, ಗದಗ, ಕಲಬುರಗಿ, ಅತ್ತಾಗ ಸೊಲ್ಲಾಪುರ, ಈ ಎರಿ ಹೊಲದ, ಅಂದ್ರ ಕರಿಮಣ್ಣಿನ ಪಟ್ಟಿಯೊಳಗ ಖುಷ್ಕಿ (ನೀರಾವರಿ ಇಲ್ಲದ) ಬಿಳಿಜೋಳದ ಲೆಕ್ಕ ಬ್ಯಾರೆನ ಐತಿ. ಈ ಬೆಳಿ ತನ್ನ ಮ್ಯಾಲ ಬೀಳೋ ಮಳಿಯಿಂದ ಬೆಳಿಯೋದಲ್ಲ, ತಾನು ಹುಟ್ಟೋಕಿಂತ ಮೊದ್ಲ ಬಿದ್ದ ಮಳಿಯಿಂದ ಬೆಳಿಯೋದು. ಇದೊಂದು ಮಾತು ತಲಿಯಾಗ ಕುಂತ್ರ ಉಳಿದಿದ್ದೆಲ್ಲಾ, ಅಂದ್ರ ಯಾವಾಗ ಬಿತ್ತಬೇಕು, ಎಷ್ಟು ಬೀಜ, ಎಷ್ಟು ಗೊಬ್ಬರ, ಸಾಲಿನ ನಡುವ ಎಡಿಕುಂಟಿ ಯಾಕ ಹೊಡೀಬೇಕು ಅನ್ನೋದೆಲ್ಲಾ ತಾನ ಬಿಚ್ಕೋತೈತಿ.

ವಿಜಯಪುರದ ಕಡಿ ವರ್ಷದ ಮಳಿ 600 ಮಿ.ಮೀ. ಆಸುಪಾಸು. ಅದರಾಗ ದೊಡ್ಡ ಪಾಲು ಬೀಳೋದು ಸಪ್ಟೆಂಬರ್‌ದಾಗ. ಅಕ್ಟೋಬರ್ ನಡು ದಾಟಿತಂದ್ರ ಮಳಿ ಮುಗೀತು ಅಂತನ ಲೆಕ್ಕ, ಮುಂದ ಬಂದ್ರ ಅದು ಲಾಭ. ಮಾಲದಂಡಿ ಜೋಳ, ಅಂದ್ರ ಎಂ 35-1, ಬಿತ್ತಿ ಕೊಯ್ಯಾಕ 115ರಿಂದ 120 ದಿನ ಬೇಕು. ಅಂದ್ರ ಹತ್ತಿರ ಹತ್ತಿರ ನಾಕು ತಿಂಗಳು ಬೆಳಿ ಮಣ್ಣೊಳಗ ಕೂಡಿಟ್ಟ ನೀರಿನ ಮ್ಯಾಲ ಜೀವ ಹಿಡೀಬೇಕು. ಹಿಂದ ಹಿರ್ಯಾರು ಹಗೇವಿನಾಗ ಕಾಳು ತುಂಬಿ ಬಾಯಿ ಮುಚ್ಚಿ ಕಷ್ಟಕಾಲಕ್ಕ ಇಟ್ಕೋತಿದ್ರಲ್ಲ, ಎರಿ ಹೊಲ ನೀರಿಗೆ ಅಂಥಾ ಹಗೇವು. ಅದು ಎಷ್ಟು ಆಳ ಐತಿ, ಈ ವರ್ಷ ಎಷ್ಟು ತುಂಬೇತಿ, ಎಲ್ಲಿಂದ ಖಾಲಿ ಆಗಾಕ ಹತ್ತೇತಿ, ಇದನ್ನ ನೋಡದ ಬರೇ ಗೊಬ್ಬರದ ಚೀಲ ಎಣಿಸಿದ್ರ ಏನೂ ಉಪಯೋಗ ಇಲ್ಲ.

ಮೊದ್ಲ ಮಣ್ಣಿನ ಮಾತು. ಎರಿ ಮಣ್ಣಿನಾಗ ಜಿಗುಟು ಕಣ ಭಾಳ, ನೂರಕ್ಕ 40ರಿಂದ 60 ಪಾಲು ಅದ ಇರ್ತೈತಿ, ಕೆಲವು ಕಡಿ ಇನ್ನೂ ಹೆಚ್ಚು. ಆ ಜಿಗುಟಿನಾಗ ಮಾಂಟ್‌ಮೊರಿಲೊನೈಟ್ ಅನ್ನೋ ಜಾತಿ ಖನಿಜ ಐತಿ, ಅದು ಪದರ ಪದರ ಇರ್ತೈತಿ, ನೀರು ಸಿಕ್ಕ ಕೂಡ್ಲೆ ಪದರದ ನಡುವ ನೀರು ಹೊಕ್ಕು ಉಬ್ಬತೈತಿ, ನೀರು ಹೋತಂದ್ರ ಕುಗ್ಗತೈತಿ. ಮಳಿಗಾಲದಾಗ ಕಾಲಿಗೆ ಮೆತ್ತಿ ಬಿಡದಂಗ ಆಗೋದು, ಬ್ಯಾಸಗಿಯಾಗ ಹೊಲ ಬಾಯಿ ಬಿಡೋದು, ಎರಡಕ್ಕೂ ಇದ ಕಾರಣ. ಆಳ ಇರೋ ಎರಿ ಮಣ್ಣು ಒಂದು ಮೀಟರ್ ಆಳಕ್ಕ ಬೆಳಿಗೆ ಸಿಗೋವಂಥಾ ನೀರು ಸುಮಾರು 200 ಮಿ.ಮೀ. ಹಿಡಿದಿಟ್ಕೋತೈತಿ. ಮಸಾರಿ, ಅಂದ್ರ ಕೆಂಪು ಮಣ್ಣು ಇದರ ಅರ್ಧದಷ್ಟು ಹಿಡಿದ್ರ ಹೆಚ್ಚು.

"ಬೆಳಿಗೆ ಸಿಗೋವಂಥಾ" ಅಂದಿದ್ದು ಸುಮ್ಮನ ಅಲ್ಲ. ಎರಿ ಮಣ್ಣಿನ ಒಳಗಿರೋ ನೀರೆಲ್ಲಾ ಬೇರಿಗೆ ಸಿಗೋದಿಲ್ಲ, ಜಿಗುಟು ಕಣ ಒಂದಿಷ್ಟು ನೀರನ್ನ ಎಷ್ಟು ಬಿಗಿ ಹಿಡೀತಾವಂದ್ರ ಬೇರು ಎಳೆದ್ರೂ ಬರಂಗಿಲ್ಲ. ಅದಕ್ಕ ಜನವರಿಯಾಗ ಹೊಲ ಅಗದು ನೋಡಿದ್ರ ಮಣ್ಣು ಕೈಗೆ ತಂಪು ಹತ್ತತೈತಿ, "ಇನ್ನೂ ಹಸಿ ಐತಲ್ಲೋ" ಅಂತೀವಿ, ಬೆಳಿ ನೋಡಿದ್ರ ಎಲಿ ಸುರುಳಿ ಸುತ್ಕೊಂಡು ನಿಂತಿರ್ತೈತಿ. ಹಸಿ ಐತಿ ಖರೇ, ಬೆಳಿ ಪಾಲಿಗೆ ಇಲ್ಲ.

ಇನ್ನ ಆಳ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸಂಗತಿ ಇದ, ಎಲ್ಲರೂ ಬಿಡೋದೂ ಇದನ್ನ. ಒಂದು ಅಡಿ ಎರಿ ಮಣ್ಣು ಸುಮಾರು 60 ಮಿ.ಮೀ. ನೀರು ಹಿಡೀತೈತಿ ಅಂತ ಹಿಡೀರಿ. ನಿಮ್ಮ ಹೊಲದಾಗ ಒಂದೂವರಿ ಅಡಿಗೆ ಗರಸು (ಕಲ್ಲುಮಣ್ಣು) ಹತ್ತಿದ್ರ ಅಲ್ಲಿಗೆ 90 ಮಿ.ಮೀ., ಅಷ್ಟ. ಮೂರು ಅಡಿ ಇದ್ರ 180. ಜೋಳದ ಬೇರು ನಾಕು ಅಡಿ ಮಟ ಇಳಿಯೋ ತಾಕತ್ತಿಂದು, ಇಳಿಯಾಕ ಮಣ್ಣು ಇರಬೇಕಷ್ಟ. ಚಲೋ ಹಿಂಗಾರಿ ಬೆಳಿ ಬರಾಕ ಸುಮಾರು 250–300 ಮಿ.ಮೀ. ನೀರು ಬೇಕು, ಅದರಾಗ ಒಂದಿಷ್ಟು ಬಿತ್ತಿದ ಮ್ಯಾಲ ಬರೋ ಮಳಿ ಕೊಡ್ತೈತಿ, ಉಳಿದಿದ್ದು ಮಣ್ಣು ಕೊಡಬೇಕು. ಒಂದೂವರಿ ಅಡಿ ಹೊಲದಾಗ ಮಾಲದಂಡಿ ಬಿತ್ತಿ ಮೂರು ಅಡಿ ಹೊಲದ ಇಳುವರಿ ಕೇಳಿದ್ರ ಅದು ಎಲ್ಲಿಂದ ಬರ್ಬೇಕು? ತೆಳು ಹೊಲಕ್ಕ ಕಡ್ಲಿ ಚಲೋ, ಜೋಳನ ಬೇಕಂದ್ರ ಫುಲೆ ಅನುರಾಧಾದಂಥಾ ಬೇಗ ಬರೋ ತಳಿ ಹಾಕ್ರಿ. ಹೊಲದಾಗ ಮೂರ್ನಾಕು ಕಡಿ ಗುಂಡಿ ತಗದು ನೋಡಾಕ ಅರ್ಧ ದಿನ ಸಾಕು, ಒಂದ ಸರ್ವೆ ನಂಬರಿನಾಗ ಮ್ಯಾಲಿನ ಮಗ್ಗಲ ಎರಡು ಅಡಿ, ಕೆಳಗಿನ ಮಗ್ಗಲ ಐದು ಅಡಿ ಇರೋದು ಸಾಮಾನ್ಯ.

ವಿಜಯಪುರ ಕಡಿಯ ಡೋಣಿ ಹೊಳಿ ದಂಡಿ ಹೊಲದ ಹೆಸರು ಆ ಪರಿ ಯಾಕ ಆತು ಅಂದ್ರ ಇದ ಆಳದಿಂದ. "ಡೋಣಿ ಬೆಳೆದ್ರ ಓಣೆಲ್ಲ ಜೋಳ" ಅಂತಾರಲ್ಲ, ಅಲ್ಲಿ ಹೊಳಿ ತಂದು ಹಾಕಿದ ಕರಿಮಣ್ಣು ಭಾಳ ಆಳ, ಒಮ್ಮಿ ತುಂಬಿತಂದ್ರ ಬೆಳಿ ಹಿಂದ ನೋಡೋದಿಲ್ಲ.

ಈಗ ತುಂಬೋ ಮಾತಿಗೆ ಬರೋಣ. ಒಣಗಿ ಬಿರುಕು ಬಿಟ್ಟ ಎರಿ ಹೊಲಕ್ಕ ಮೊದ್ಲನೇ ಮಳಿ ಬಿದ್ರ ನೀರು ಬಿರುಕಿನಾಗ ಗಟಗಟ ಇಳೀತೈತಿ. ಆದ್ರ ಮಣ್ಣು ಉಬ್ಬಿ ಬಿರುಕು ಮುಚ್ಕೊಂಡ ಮ್ಯಾಲ ಅದ ಹೊಲ ನೀರು ಕುಡಿಯೋದು ಭಾಳ ನಿಧಾನ, ತಾಸಿಗೆ ಕೆಲವ ಮಿಲಿಮೀಟರ್ ಅಷ್ಟ, ಕೆಲವೊಮ್ಮಿ ಅದೂ ಇಲ್ಲ. ನಮ್ಮ ಕಡಿ ಮಳಿ ಬರೋದು ಹೆಂಗ? ಹದಿನೈದು ದಿನ ಸುಳಿವಿಲ್ಲ, ಆಮ್ಯಾಲ ಒಂದ ಸಂಜಿ ಧೋ ಅಂತ 40 ಮಿ.ಮೀ. ಅದರಾಗ ಅರ್ಧ ಹರಿದು ಹಳ್ಳಕ್ಕ ಹೋತು ಅಂದ್ರ ಎಷ್ಟು ಹೋತು ಗೊತ್ತೇನು? ಒಂದು ಎಕರೆ ಮ್ಯಾಲ ಒಂದು ಮಿ.ಮೀ. ಮಳಿ ಅಂದ್ರ 4,047 ಲೀಟರ್, 20 ಮಿ.ಮೀ. ಅಂದ್ರ 80 ಸಾವಿರ ಲೀಟರ್ ಮ್ಯಾಲ, 5 ಸಾವಿರ ಲೀಟರಿನ ಟ್ಯಾಂಕರ್ ಹದಿನಾರು. ಎಕರೆಕ್ಕ. ಸಂಗಾಟ ಮ್ಯಾಲಿನ ಮಣ್ಣೂ ಹೋತು, ಆ ಮಣ್ಣಿನಾಗ ಇದ್ದ ಗೊಬ್ಬರನೂ ಹೋತು.

ಅದಕ್ಕ ಚೌಕು ಮಡಿ. ಮುಂಗಾರಿಯಾಗ ಹೊಲ ಖಾಲಿ ಬಿಡೋರು ಜೂನ್-ಜುಲೈದಾಗ ಹೊಲದ ತುಂಬಾ ಸಣ್ಣ ಸಣ್ಣ ಬದು ಎತ್ತಿ ಚೌಕ ಮಾಡೋದು, ಒಂದೊಂದು ಮಡಿ ಸುಮಾರು 10 ಅಡಿಯಿಂದ 15 ಅಡಿ ಚೌಕ. ಇಳಿಜಾರು ಹೆಚ್ಚಿದ್ದಷ್ಟು ಮಡಿ ಸಣ್ಣದು. ಎತ್ತಿನ ಮ್ಯಾಲ ಮಾಡೋ ಸಾಧನ ಐತಿ, ಟ್ರ್ಯಾಕ್ಟರಿಗೆ ಹಚ್ಚೋದೂ ಬಂದೈತಿ. ಬಿದ್ದ ಮಳಿ ಬಿದ್ದಲ್ಲೇ ನಿಂತು ತನ್ನ ಟೈಮ್ ತಗೊಂಡು ಇಳೀತೈತಿ. ಬಿತ್ತೋ ಮುಂದ ಕುಂಟಿ ಹೊಡೆದು ಮಡಿ ಮುರಿದು ಬಿತ್ತೋದು. ದಿಂಡು ಸಾಲು ಮಾಡೋದೂ ಇಂಥದ ಕೆಲಸ, ಸಾಲಿಗೆ ನಡುನಡುವ ಕಟ್ಟಿ ಹಾಕಿದ್ರ ಇನ್ನೂ ಚಲೋ. ಇದು ಈಗಿನ ಮಾತಲ್ಲ, 1933ರಿಂದ 35ರ ನಡುವ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ಅತ್ತಾಗ ಉತ್ತರದ ರೋಹ್ತಕ್ ಹಿಂಗ ಐದು ಕಡಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಶುರು ಆದ್ವು, ಅಲ್ಲಿಂದ ಬಂದ ಸಲಹಾನೂ ಹೆಚ್ಚುಕಡಿಮಿ ಇದ: ಬದು ಹಾಕ್ರಿ, ಕೊಟ್ಟಿಗಿ ಗೊಬ್ಬರ ಹಾಕ್ರಿ, ಬೀಜ ಕಡಿಮಿ ಹಾಕ್ರಿ, ಸಾಲು ಅಗಲ ಬಿಡ್ರಿ, ಎಡಿ ಹೊಡೀರಿ. ಸುಮಾರು ತೊಂಬತ್ತು ವರ್ಷ ಆತು, ಇನ್ನೂ ಇದನ್ನ ಹೇಳ್ಬೇಕಾಗೇತಿ.

ಮಂದಿ ಯಾಕ ಮಾಡಂಗಿಲ್ಲ ಅಂದ್ರ ಅವರಿಗೆ ತಿಳಿಯಂಗಿಲ್ಲ ಅಂತಲ್ಲ. ಹೊಲ ಲಾವಣಿ ಹಿಡಿದವ ಒಂದ ವರ್ಷದ ಮಾತಿಗೆ ಬದು ಹಾಕಾಕ ರೊಕ್ಕ ಹಾಕಂಗಿಲ್ಲ, ಹಾಕಿದ್ರ ಮುಂದಿನ ವರ್ಷ ಅದ ಹೊಲ ಅವನಿಗೆ ಸಿಗ್ತೈತೇನು ಗ್ಯಾರಂಟಿ ಇಲ್ಲ. ಮನ್ಯಾಗ ಎತ್ತು ಇಲ್ಲ, ಟ್ರ್ಯಾಕ್ಟರ್ ಬಾಡಿಗಿ ತಾಸಿನ ಲೆಕ್ಕ. ಇನ್ನ ಹೆಸರು ಬಿತ್ತೋರು ಮಡಿ ಹೆಂಗ ಮಾಡ್ತಾರ?

ಹೆಸರಿನ ಪ್ರಶ್ನಿ ಭಾಳ ಜಗಳದ ಪ್ರಶ್ನಿ ನೋಡ್ರಿ. ಜೂನ್‌ದಾಗ ಹೆಸರು ಬಿತ್ತಿ ಆಗಸ್ಟ್‌ದಾಗ ಕಿತ್ತು, ಅದ ಹೊಲಕ್ಕ ಸಪ್ಟೆಂಬರ್ ಕಡೀಕ ಜೋಳ. 60–65 ದಿನದ ಬೆಳಿ, ಕೈಗೆ ಒಂದಿಷ್ಟು ರೊಕ್ಕ, ಬೇರಿನ ಗಂಟಿನಿಂದ ಮಣ್ಣಿಗೂ ಸ್ವಲ್ಪ ಸಾರಜನಕ. ಆದ್ರ ಅದೂ ನೀರು ಕುಡಿದ ಬೆಳೀತೈತಿ. ಹೆಸರು ಕಿತ್ತ ಮ್ಯಾಲ ಹುಬ್ಬಿ, ಉತ್ತರಿ ಮಳಿ ಚಲೋ ಹೊಡೆದ್ರ ಮಣ್ಣು ಮತ್ತ ತುಂಬ್ತೈತಿ, ಏನೂ ನಷ್ಟ ಇಲ್ಲ. ಅವು ಕೈ ಕೊಟ್ವು ಅಂದ್ರ ಜೋಳ ಅರ್ಧ ಖಾಲಿ ಹೊಲದಾಗ ಹುಟ್ಟತೈತಿ. ನನಗ ಅನಿಸೋದು, ಮೂರು ಅಡಿ ಮ್ಯಾಲ ಆಳ ಇದ್ದ ಹೊಲದಾಗ, ಜೂನ್ ಮೊದ್ಲ ಹದಿನೈದು ದಿನದಾಗ ಹದ ಸಿಕ್ಕ ವರ್ಷ ಮಾತ್ರ ಹೆಸರು ಹಾಕಬೇಕು. ಎರಡು ಅಡಿ ಹೊಲದಾಗ ಎರಡು ಬೆಳಿ ಅನ್ನೋದು ಜೂಜಾಟ. ಜೂಜು ಆಡೋರು ಆಡ್ರಿ, ಆದ್ರ ಜೂಜು ಅಂತ ತಿಳ್ಕೊಂಡು ಆಡ್ರಿ. ಇನ್ನೊಂದು ದಾರಿ ಸಣಬು, ಹೂ ಬಿಡೋ ಹೊತ್ತಿಗೆ ಹೊಲಕ್ಕ ಮುಗುಚಿ ಹಾಕೋದು, ಅದೂ ಆಗಸ್ಟ್ ನಡುವ ಆಗಿ ಮುಗೀಬೇಕು, ತಡ ಆದ್ರ ಅದೂ ನೀರಿನ ಸಾಲನ.

ಖಾಲಿ ಬಿಟ್ಟ ಹೊಲದಾಗ ಕಸ ಎದ್ರ ಅದು ಹೆಸರಿಗಿಂತ ಕೆಟ್ಟ. ಹೆಸರಾದ್ರೂ ರೊಕ್ಕ ಕೊಡ್ತೈತಿ, ಕಸ ಬರೇ ನೀರು ಕುಡೀತೈತಿ. ಪ್ರತಿ ದೊಡ್ಡ ಮಳಿ ಆಗಿ ಹದ ಬಂದ ಕೂಡ್ಲೆ ಒಂದು ಸಲ ಹರಗೋದು ಅದಕ್ಕ. ಚೌಕು ಮಡಿ ಇದ್ದಲ್ಲಿ ಹರಗಾಕ ತ್ರಾಸ ಆಗ್ತೈತಿ ಖರೇ, ಹಂಗಾಗಿ ಮೊದ್ಲ ಕಸ ಸ್ವಚ್ಛ ಮಾಡಿ ಆಮ್ಯಾಲ ಮಡಿ ಮಾಡೋದು ಚಲೋ.

ಹೊಲ ಎಷ್ಟು ತುಂಬೇತಿ ಅಂತ ತಿಳಿಯಾಕ ಮಷೀನ್ ಬ್ಯಾಡ. ಬೆರಳು ದಪ್ಪಗಿಂತ ತೆಳುವಿನ ಕಬ್ಬಿಣದ ಸರಳು, ನಾಕು ಅಡಿ ಉದ್ದ, ಮ್ಯಾಲ ಹಿಡಿಯಾಕ ಅಡ್ಡ ಹಿಡಿಕಿ ವೆಲ್ಡಿಂಗ್ ಮಾಡಿಸಿ ಇಟ್ಕೊಳ್ರಿ. ಮಳಿ ಆಗಿ ಎರಡು ದಿನ ಬಿಟ್ಟು ಹೊಲದಾಗ ಒತ್ರಿ. ಹಸಿ ಇದ್ದಷ್ಟು ದೂರ ಸಲೀಸಾಗಿ ಇಳೀತೈತಿ, ಒಣ ಮಣ್ಣು ಹತ್ತಿದ ಕೂಡ್ಲೆ ನಿಲ್ಲತೈತಿ. ಕಲ್ಲು ಹತ್ತಿದ್ರೂ ನಿಲ್ಲತೈತಿ, ಅದಕ್ಕ ನಾಕೈದು ಕಡಿ ನೋಡ್ರಿ. ಸಪ್ಟೆಂಬರ್ ಕಡೀಕ ಮೂರು ಅಡಿ ಇಳಿದ್ರ ಧೈರ್ಯದಿಂದ ಜೋಳ ಬಿತ್ರಿ. ಎರಡು ಅಡಿಯೊಳಗ ನಿಂತ್ರ ಕಡ್ಲಿ ಬಗ್ಗೆ ಯೋಚನಿ ಮಾಡ್ರಿ, ಅದಕ್ಕ ದಿನಾನೂ ಕಡಿಮಿ, ನೀರೂ ಕಡಿಮಿ.

ಬಿತ್ತೋ ಹೊತ್ತು ಅಂದ್ರ ಉತ್ತರಿ, ಹಸ್ತ, ಅಂದ್ರ ಸಪ್ಟೆಂಬರ್ ಎರಡನೇ ಪಾಲಿನಿಂದ ಅಕ್ಟೋಬರ್ ಮೊದ್ಲ ಹದಿನೈದು ದಿನ. ತಡ ಆದಷ್ಟು ಮೂರು ಕಡಿಯಿಂದ ಪೆಟ್ಟು: ಮ್ಯಾಲಿನ ಪದರ ಒಣಗಿ ಬೀಜ ಏಳಂಗಿಲ್ಲ, ಎದ್ದದ್ದು ತಂಡಿಗೆ ನಿಧಾನ ಬೆಳೀತೈತಿ, ಕಾಳು ತುಂಬೋ ಹೊತ್ತಿಗೆ ಒಳಗ ನೀರು ಇರಂಗಿಲ್ಲ. ಹಂಗಾರ ಸಪ್ಟೆಂಬರ್ ಮೊದಲನೇ ವಾರದಾಗ ಬಿತ್ತಿಬಿಡೋಣ ಅಂದ್ರ ಅಲ್ಲಿ ಸುಳಿ ನೊಣ ಕಾಯ್ತಿರ್ತೈತಿ. ಬೇಗ ಬಿತ್ತಿದ ಹಿಂಗಾರಿ ಜೋಳಕ್ಕ ಸುಳಿ ನೊಣದ ಕಾಟ ಹೆಚ್ಚು, ಸಸಿ ಎದ್ದ ಒಂದನೇ ವಾರದಿಂದ ನಾಕನೇ ವಾರದ ಮಟ ಎಲಿ ಕೆಳಗ ತತ್ತಿ ಇಡ್ತೈತಿ, ಹುಳ ಸುಳಿ ತಿಂದು ನಡು ಎಲಿ ಒಣಗಿ ಹಿಡಿದು ಎಳದ್ರ ಕಿತ್ತು ಕೈಗೆ ಬರ್ತೈತಿ. ಬೇಗ ಬಿತ್ತಲೇಬೇಕು ಅನ್ನೋರು ಥಯಾಮೆಥಾಕ್ಸಾಮ್‌ನಿಂದ ಬೀಜೋಪಚಾರ ಮಾಡ್ಕೊಂಡು ಸ್ವಲ್ಪ ಹೆಚ್ಚಿಗಿ ಬೀಜ ಹಾಕಿ ಆಮ್ಯಾಲ ಸತ್ತ ಸಸಿ ಕೀಳೋದು ಚಲೋ. ಅಕ್ಟೋಬರ್ ನಡು ದಾಟಿತಂದ್ರ ಜೋಳದ ಆಸೆ ಬಿಟ್ಟು ಕಡ್ಲಿ ಅಥವಾ ಕುಸುಬಿಗೆ ಹೊಳ್ಳೋದು ಶಾಣ್ಯಾತನ.

ಬೀಜ ಎಕರೆಗೆ 3 ಕೆಜಿ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ, ಯಾಕಂದ್ರ ಭಾಳ ಮಂದಿ 5 ಕೆಜಿ ಮಟ ಹೋಗ್ತಾರ. ಮಾಲದಂಡಿ ಸಾವಿರ ಕಾಳು ಸುಮಾರು 34 ಗ್ರಾಂ ತೂಗತೈತಿ, ಅಂದ್ರ 3 ಕೆಜಿಯಾಗ ಹತ್ತಿರ ಹತ್ತಿರ 88 ಸಾವಿರ ಕಾಳು. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಸಸಿಯಿಂದ ಸಸಿಗೆ 15 ಸೆಂ.ಮೀ. ಬಿಟ್ರ ಎಕರೆಗೆ ಬೇಕಾಗೋದು ಬರೇ 60 ಸಾವಿರ ಸಸಿ. ಮೂರರಾಗ ಒಂದು ಕಾಳು ಹಾಳಾದ್ರೂ ಸಾಕಾಗ್ತೈತಿ. ನೀರಾವರಿ ಹೊಲದಾಗ ಸಸಿ ಹೆಚ್ಚಾದ್ರ ಬೆಳಿ ಹೆಚ್ಚು ಅನ್ನೋದು ಒಂದು ಮಟ್ಟಕ್ಕ ಖರೇ, ಇಲ್ಲಿ ಅದು ಉಲ್ಟಾ. ಒಳಗ ಇರೋ ನೀರು ಇಷ್ಟ ಅಂತ ಗೊತ್ತೈತಿ, ಅದರ ಮ್ಯಾಲ ಒಂದು ಲಕ್ಷ ಸಸಿ ಕೂಡ್ಸಿದ್ರ ಹೊಲ ನವೆಂಬರ್‌ದಾಗ ಹಚ್ಚಗ ಕಣ್ಣಿಗೆ ಹಬ್ಬ ಕಾಣ್ತೈತಿ, ತೆನಿ ಹೊರಗ ಬರೋ ಹೊತ್ತಿಗೆ ನೀರೆಲ್ಲಾ ಎಲಿಗೆ ಹೋಗಿ ಮುಗಿದಿರ್ತೈತಿ. ಮೇವು ಬರ್ತೈತಿ, ಕಾಳು ಜೊಳ್ಳು. ಅದಕ್ಕ ಸಸಿ ಎದ್ದು ಎರಡು ಮೂರು ವಾರದೊಳಗ ದಟ್ಟ ಇದ್ದಲ್ಲಿ ಕೀಳಬೇಕು, ಕರುಳು ಕಿವುಚಿದಂಗ ಆದ್ರೂ ಕೀಳಬೇಕು.

ಬೀಜ ಗಟ್ಟಿ ಮಾಡೋ ಪದ್ಧತಿ ಒಂದೈತಿ, ಖರ್ಚು ಭಾಳ ಇಲ್ಲ: ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಅದರಾಗ ಒಂದು ಕೆಜಿ ಬೀಜ 8 ತಾಸು ನೆನಸಿ ನೆರಳಾಗ ಒಣಗಿಸೋದು. ಒಮ್ಮಿ ನೀರು ಕುಡಿದು ಒಣಗಿದ ಬೀಜ ಹೊಲದಾಗ ಬೇಗ ಮೊಳಕಿ ಒಡೀತೈತಿ, ಕಡಿಮಿ ಹದದಾಗೂ ಏಳ್ತೈತಿ. ಒಣಗಿದ ಮ್ಯಾಲ ಕೆಜಿಗೆ 4 ಗ್ರಾಂ ಗಂಧಕದ ಪುಡಿ ಹಚ್ಚಿದ್ರ ಕಾಡಿಗಿ ರೋಗದ ಚಿಂತಿ ಬಹಳಷ್ಟು ಕಡಿಮಿ. ಬೀಜ ಹಸಿ ಪದರಕ್ಕ ಮುಟ್ಟಬೇಕು, ಎರಡರಿಂದ ಮೂರು ಇಂಚು ಆಳ.

ಗೊಬ್ಬರ. ಖುಷ್ಕಿ ಹಿಂಗಾರಿ ಜೋಳಕ್ಕ ಶಿಫಾರಸು ಎಕರೆಗೆ 20 ಕೆಜಿ ಸಾರಜನಕ, 10 ಕೆಜಿ ರಂಜಕ. ಅಂಗಡಿ ಭಾಷಾದಾಗ ಹೇಳಬೇಕಂದ್ರ 22 ಕೆಜಿ ಡಿಎಪಿ, ಅದರಾಗ 10 ಕೆಜಿ ರಂಜಕ ಪೂರ್ತಿ ಬಂತು, 4 ಕೆಜಿ ಸಾರಜನಕನೂ ಬಂತು, ಉಳಿದ 16 ಕೆಜಿಗೆ 35 ಕೆಜಿ ಯೂರಿಯಾ. ಅಂದ್ರ ಡಿಎಪಿ ಅರ್ಧ ಚೀಲಾನೂ ಅಲ್ಲ, ಯೂರಿಯಾ 45 ಕೆಜಿ ಚೀಲದಾಗ ಮುಕ್ಕಾಲು. ಅಷ್ಟ. ಮತ್ತ ಇದಷ್ಟೂ ಬಿತ್ತೋ ಮುಂದನ ಹೋಗ್ಬೇಕು, ಮ್ಯಾಲುಗೊಬ್ಬರ ಅನ್ನೋದು ಇಲ್ಲಿ ನಡೆಯಂಗಿಲ್ಲ. ಯಾಕ? ನವೆಂಬರ್‌ದಾಗ ಹೊಲದ ಮ್ಯಾಲಿನ ನಾಕು ಇಂಚು ಬೂದಿಯಂಗ ಒಣಗಿರ್ತೈತಿ, ಅಲ್ಲಿ ಬೇರು ಕೆಲಸ ಮಾಡಂಗಿಲ್ಲ. ಅದರ ಮ್ಯಾಲ ಯೂರಿಯಾ ಚೆಲ್ಲಿದ್ರ ಕೆಳಗ ಇಳಿಸಾಕ ಮಳಿ ಇಲ್ಲ, ಎರಿ ಮಣ್ಣು ಕ್ಷಾರದ ಮಣ್ಣು ಬ್ಯಾರೆ, ಪಿಎಚ್ (ಹುಳಿ-ಕ್ಷಾರದ ಅಳತಿ) 8ರ ಮ್ಯಾಲನ ಇರ್ತೈತಿ, ಅಂಥಲ್ಲಿ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರ್ತೈತಿ. ಎರಡು ಬಟ್ಟಲಿನ ಕೂರಿಗಿ ಮಾಡಿದ್ದು ಇದಕ್ಕ, ಬೀಜ ಒಂದು ಕಡಿ, ಗೊಬ್ಬರ ಅದಕ್ಕಿಂತ ಸ್ವಲ್ಪ ಆಳ ಮತ್ತ ಮಗ್ಗಲಿಗೆ. ಬೀಜಕ್ಕ ಯೂರಿಯಾ ತಾಗಿಸಿ ಹಾಕಿದ್ರ ಮೊಳಕಿ ಸುಡ್ತೈತಿ.

ರಂಜಕ ಆಳಕ್ಕ ಬೀಳ್ಬೇಕು ಅನ್ನಾಕ ಇನ್ನೊಂದು ಕಾರಣ ಐತಿ. ಎರಿ ಮಣ್ಣಿನಾಗ ಸುಣ್ಣದ ಅಂಶ ಹೆಚ್ಚು, ರಂಜಕ ಅದಕ್ಕ ಅಂಟ್ಕೊಂಡು ಕೂಡ್ತೈತಿ, ಹಾಕಿದ ಜಾಗ ಬಿಟ್ಟು ಅಲುಗಾಡಂಗಿಲ್ಲ. ಬೇರಿನ ದಾರಿಯೊಳಗ ಇಟ್ರ ಸಿಕ್ತು, ಮ್ಯಾಲ ಚೆಲ್ಲಿದ್ರ ಇಲ್ಲ. ಸತು, ಕಬ್ಬಿಣ ಸಿಗದಂಗ ಆಗೋದೂ ಇದ ಕ್ಷಾರದಿಂದ. ಸತು 0.6 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 0.6 ಪಾಲು) ಒಳಗಿದ್ರ ಕೊರತಿ ಅಂತ ಲೆಕ್ಕ, ಮಣ್ಣು ಪರೀಕ್ಷಾದಾಗ ಹಂಗ ಬಂದ್ರ ಮಾತ್ರ ಸತುವಿನ ಸಲ್ಫೇಟ್ ಹಾಕ್ರಿ.

"ಇಷ್ಟ ಕಡಿಮಿ ಗೊಬ್ಬರಕ್ಕ ಏನ್ ಬೆಳೀತೈತಿ" ಅಂತ ಡಬಲ್ ಹಾಕೋರಿಗೆ ಒಂದು ಮಾತು. ಹೆಚ್ಚಿನ ಯೂರಿಯಾ ಅಂದ್ರ ಹೆಚ್ಚಿನ ಎಲಿ, ಹೆಚ್ಚಿನ ಎಲಿ ಅಂದ್ರ ದಿನಾ ಹೆಚ್ಚಿನ ನೀರು ಖರ್ಚು. ತೆನಿ ತುಂಬೋ ಹೊತ್ತಿಗೆ ನೀರು ಮುಗಿದ ಗಿಡ ಕಾಂಡದಾಗ ಇದ್ದದ್ದೆಲ್ಲಾ ಕಾಳಿಗೆ ಕಳಸ್ತೈತಿ, ಕಾಂಡದ ಬುಡ ಸೊರಗ್ತೈತಿ, ಆವಾಗ ಮಣ್ಣಿನಾಗ ಮೊದ್ಲಿಂದ ಕುಂತಿರೋ ಮ್ಯಾಕ್ರೊಫೋಮಿನಾ ಅನ್ನೋ ಶಿಲೀಂಧ್ರ ಬೇರಿನಿಂದ ಒಳಗ ನುಗ್ಗತೈತಿ. ಕಾಂಡ ಸೀಳಿ ನೋಡಿದ್ರ ಒಳಗಿನ ಬೆಂಡು ಕರಗಿ ಇದ್ದಿಲಿನ ಪುಡಿ ಉದುರಿಸಿದಂಗ ಕರಿ ಕರಿ ಚುಕ್ಕಿ ಕಾಣ್ತಾವ. ಒಂದು ಗಾಳಿ ಬೀಸಿದ್ರ ಹೊಲ ಮಲಗ್ತೈತಿ, ಕಾಳೂ ಹೋತು, ಕಣಕಿನೂ (ದನದ ಒಣ ಮೇವೂ) ಹೋತು. ಇದಕ್ಕ ಔಷಧಿ ಹುಡುಕ್ಕೋತ ಅಡ್ಡಾಡೋರನ್ನ ನೋಡಿದ್ರ ಬ್ಯಾಸರ ಆಗ್ತೈತಿ, ಯಾಕಂದ್ರ ನಿಂತ ಬೆಳಿಗೆ ಇದಕ್ಕ ಸಿಂಪಡಿಸಿ ಉಪಯೋಗ ಆಗೋ ಔಷಧಿ ಇಲ್ಲ. ಸಸಿ ಕಡಿಮಿ, ಯೂರಿಯಾ ಮಿತಿಯಾಗ, ನೀರು ಕಡೀಮಟ ಉಳಿಯಂಗ ನೋಡ್ಕೊಳ್ಳೋದು, ಇದ ಔಷಧಿ.

ಬಿತ್ತಿ ಮೂರು ವಾರಕ್ಕ ಎಡಿ ಶುರು ಮಾಡಬೇಕು. ಎಡಿ ಅಂದ್ರ ಕಸ ತಗಿಯೋ ಕೆಲಸ ಅಂತಷ್ಟ ತಿಳ್ಕೊಂಡವರು ಕಳೆನಾಶಕ ಹೊಡೆದು ಎಡಿ ಬಿಟ್ಟುಬಿಡ್ತಾರ, ಅಲ್ಲೇ ಹೊಲ ಸೋರಾಕ ಶುರು ಆಗ್ತೈತಿ. ನೀರು ಮಣ್ಣಿನ ಸಣ್ಣ ಸಣ್ಣ ಸಂದಿಯೊಳಗ ಒಂದಕ್ಕೊಂದು ಹಿಡ್ಕೊಂಡು ಮ್ಯಾಲಕ್ಕ ಏರ್ತೈತಿ, ಮ್ಯಾಲ ಬಂದು ಬಿಸಿಲಿಗೆ ಹಾರ್ತೈತಿ. ಎಡಿಕುಂಟಿ ಮ್ಯಾಲಿನ ಎರಡು ಇಂಚು ಮಣ್ಣು ಕತ್ತರಿಸಿ ಸಡಿಲ ಮಾಡಿದ್ರ ಆ ಸಂದಿಯ ದಾರಿ ತುಂಡಾಗ್ತೈತಿ, ಮ್ಯಾಲಿನ ಪುಡಿ ಮಣ್ಣ ಹೊದಿಕಿ ಆಗಿ ಕೂಡ್ತೈತಿ. ಅದಕ್ಕಿಂತ ದೊಡ್ಡ ಉಪಯೋಗ ಅಂದ್ರ ಬಿರುಕು ಮುಚ್ಚೋದು. ಎರಿ ಹೊಲ ಬಿರುಕು ಬಿಟ್ರ ಬಿಸಿಲು, ಗಾಳಿ ನೇರ ಎರಡು ಅಡಿ ಕೆಳಗ ಇಳಿದು ಅಲ್ಲಿನ ಹಸಿನೂ ಎಳೀತಾವ, ಸಂಗಾಟ ಬೇರು ಹರೀತಾವ. ಸಾಮಾನ್ಯ ಮೂರನೇ ವಾರಕ್ಕೊಂದು, ಐದನೇ ವಾರಕ್ಕೊಂದು, ಎಂಟನೇ ವಾರಕ್ಕೊಂದು ಎಡಿ. ಕಡೀದಂತೂ ಪೂರ್ತಿ ಬಿರುಕು ಮುಚ್ಚೋ ಸಲುವಾಗಿನ. ಆ ಹೊತ್ತಿಗೆ ಬೆಳಿ ಎದಿಮಟ ಬಂದಿರ್ತೈತಿ, ಎತ್ತು ಹೋಗಾಕ ಕಷ್ಟ, ಬಾಯಿಗೆ ಬುಟ್ಟಿ ಕಟ್ಟಿ ಹೊಡೀಬೇಕು, ಟ್ರ್ಯಾಕ್ಟರ್ ಹೋಗೋದಂತೂ ದೂರದ ಮಾತು, ಅದಕ್ಕ ಮಂದಿ ಕೈ ಬಿಡೋದು ಅದನ್ನ. ಎಳ್ಳಮಾಸಿ ದಿನ ಚರಗ ಚೆಲ್ಲಾಕ ಎಲ್ಲಾರೂ ಹೊಲಕ್ಕ ಹೋಗೇ ಹೋಗ್ತೀರಿ, ಸಜ್ಜಿ ರೊಟ್ಟಿ, ಭಜ್ಜಿ ತಿಂದ ಮ್ಯಾಲ ಸಾಲಿನ ನಡುವ ಒಂದು ಸುತ್ತು ಹಾಕಿ ಬಿರುಕಿನಾಗ ಕೈ ಇಳೀತೈತೇನು ನೋಡ್ರಿ. ಇಳಿದ್ರ ಮುಂದಿನ ವರ್ಷ ಎಂಟನೇ ವಾರದ ಎಡಿ ಬಿಡಬ್ಯಾಡ್ರಿ. ಜೋಳದ ಕೂಳಿ, ಸೂರ್ಯಕಾಂತಿ ಕಟ್ಟಿಗಿ ಇದ್ರ ಒಂದು ಅಡಿ ಆಳದ ತಗ್ಗಿನ ಸಾಲು ತಗದು ಅದರಾಗ ನಿಲ್ಲಿಸಿ ತುಂಬೋದೂ ಒಂದು ಪದ್ಧತಿ, ಮಳಿ ನೀರು ಆ ದಾರಿ ಹಿಡಿದು ಆಳಕ್ಕ ಹೋಗ್ತೈತಿ, ಆದ್ರ ಕೂಲಿ ಭಾಳ ಬೀಳ್ತೈತಿ.

ಮಳಿ ಪೂರ್ತಿ ಕೈ ಕೊಟ್ಟ ವರ್ಷ? 35–40 ದಿನದ ಬೆಳಿ ಮಧ್ಯಾಹ್ನಕ್ಕಲ್ಲ, ಮುಂಜಾನಿನೂ ಎಲಿ ಸುತ್ಕೊಂಡು ನಿಂತಿತ್ತು ಅಂದ್ರ ಪ್ರತಿ ಮೂರನೇ ಸಾಲು ಕಿತ್ತು ತಗೀರಿ, ಉಳಿದ ಎರಡು ಸಾಲಿಗೆ ಆ ಸಾಲಿನ ನೀರು ಸಿಗ್ತೈತಿ. ಒಂದು ಎಚ್ಚರ: ಕಿತ್ತ ಹಸಿ ಜೋಳ ಹಂಗ ದನಕ್ಕ ಹಾಕಬ್ಯಾಡ್ರಿ. ಎಳೇ ಜೋಳ, ಅದರಾಗೂ ನೀರಿಲ್ಲದ ಬಾಡಿದ ಜೋಳದಾಗ ಸಯನೈಡ್ ಜಾತಿ ವಿಷ ಹುಟ್ಟತೈತಿ, ಹೊಟ್ಟಿಗೆ ಹೋದ ಸ್ವಲ್ಪ ಹೊತ್ತಿನಾಗ ದನ ಬಿದ್ದುಬಿಡ್ತಾವ. ಬಿಸಿಲಿಗೆ ಚಂದಗ ಒಣಗಿಸಿ ಹಾಕಿದ್ರ ಆ ವಿಷ ಬಹಳಷ್ಟು ಇಳೀತೈತಿ. ಕೃಷಿ ಹೊಂಡ ಇದ್ದು ಒಂದ ಒಂದು ಸಲ ನೀರು ಕೊಡೋವಷ್ಟು ಇದ್ರ, ಅದನ್ನ ಸಸಿ ಇದ್ದಾಗ ಖರ್ಚು ಮಾಡಬ್ಯಾಡ್ರಿ, 55–60 ದಿನಕ್ಕ ತೆನಿ ಹೊಡಿ ಒಳಗ ಇದ್ದಾಗ ಕೊಡ್ರಿ. ಒಂದು ತೆನಿಯಾಗ ಎಷ್ಟು ಕಾಳು ನಿಲ್ತಾವ ಅನ್ನೋದು ಆ ಹೊತ್ತಿನಾಗ ತೀರ್ಮಾನ ಆಗ್ತಿರ್ತೈತಿ.

ತಳಿ ಬಗ್ಗೆ ಹೆಚ್ಚು ಬರಿಯಂಗಿಲ್ಲ. ಎಂ 35-1 ಸೊಲ್ಲಾಪುರ ಹತ್ತಿರದ ಮೊಹೋಳ್‌ದಾಗ ಊರ ಮಾಲದಂಡಿ ಜೋಳದಿಂದ 1930ರ ದಶಕದಾಗ ಆರಿಸಿದ್ದು, ಇನ್ನೂ ಹೊಲದಾಗ ಐತಿ ಅಂದ್ರ ರೊಟ್ಟಿ ರುಚಿ, ಕಣಕಿ, ಬರ ತಡಿಯೋ ಗುಣ ಮೂರೂ ಒಂದ ಕಡಿ ಸಿಗೋದು ಅಪರೂಪ. ವಿಜಯಪುರದಿಂದ ಬಂದ ಬಿಜೆವಿ-44, ಆಮ್ಯಾಲ ಸಿಎಸ್‌ವಿ-29ಆರ್ ಆಳದ ಎರಿಗೆ ಚಲೋ. ಸರ್ಕಾರದ ಬೆಂಬಲ ಬೆಲಿಯಾಗ ಮಾಲದಂಡಿಗೆ ಬ್ಯಾರೆ ರೇಟು ಐತಿ, 2025–26ಕ್ಕ ಕ್ವಿಂಟಲ್‌ಗೆ 3,749 ರೂಪಾಯಿ, ಹೈಬ್ರಿಡ್‌ಗೆ 3,699. ಬರೇ 50 ರೂಪಾಯಿ ಫರಕು ನೋಡಿ ನಗು ಬರ್ತೈತಿ, ಸಂತಿಯಾಗ ಈ ಎರಡು ಜೋಳಕ್ಕ ಇಷ್ಟು ಕಡಿಮಿ ಫರಕು ಇರೋದಂತೂ ನಾ ನೋಡಿಲ್ಲ. ಮತ್ತ ಕಣಕಿ ರೊಕ್ಕ ಯಾವ ಲೆಕ್ಕದಾಗೂ ಬರಂಗಿಲ್ಲ, ಬರಗಾಲದ ವರ್ಷ ಮೇವಿನ ಬಣವಿನ ಮನಿ ನಡಸ್ತೈತಿ.

ಕಾಲುವಿ ನೀರು ಬಂದ ಎರಿ ಹೊಲದವರಿಗೆ ಸಮಸ್ಯಾ ಉಲ್ಟಾ, ಅಲ್ಲಿ ನೀರು ಹೆಚ್ಚಾಗಿ ಸವಳು. ಹೊಲದ ಮ್ಯಾಲ ಬಿಳಿ ಉಪ್ಪು ಕಂಡ್ರ ಬಸಿಗಾಲುವಿ ಮಾಡಿ ಒಳ್ಳೇ ನೀರಿನಿಂದ ಉಪ್ಪು ತೊಳೀಬೇಕು. ಉಪ್ಪು ಕಾಣಂಗಿಲ್ಲ, ಆದ್ರ ನೀರು ಇಳಿಯಂಗಿಲ್ಲ, ಒಣಗಿದ್ರ ಕಲ್ಲು, ಪಿಎಚ್ 8.5ರ ಮ್ಯಾಲ ಐತಿ ಅಂದ್ರ ಅದು ಸೋಡಿಯಂ ಕಾಟ, ಅದಕ್ಕ ಜಿಪ್ಸಂ ಬೇಕು. ಬಿಳಿ ಉಪ್ಪಿನ ಹೊಲಕ್ಕ ಜಿಪ್ಸಂ ಸುರುವಿ ರೊಕ್ಕ ಹಾಳು ಮಾಡ್ಕೊಂಡೋರು ಬೇಕಾದಷ್ಟು ಮಂದಿ ಅದಾರ.

ಇದನ್ನ ತಿಳಿಯಾಕ ಮಣ್ಣು ಪರೀಕ್ಷಾ ಬೇಕು. 2015ರಾಗ ಶುರುವಾದ ಮಣ್ಣು ಆರೋಗ್ಯ ಕಾರ್ಡು ಭಾಳ ಮಂದಿ ಮನ್ಯಾಗ ಐತಿ, ಆದ್ರ ಒಂದು ಸಂಗತಿ ತಿಳ್ಕೊಳ್ರಿ, ಆ ಯೋಜನಾದಾಗ ಖುಷ್ಕಿ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ ಅಂತ ಹಿಡಿದಿದ್ರು, ಅಂದ್ರ 25 ಎಕರೆಗೆ ಒಂದು. ನಿಮ್ಮ ಹೆಸರಿನ ಕಾರ್ಡಿನಾಗ ಇರೋ ಮಣ್ಣು ನಿಮ್ಮ ಹೊಲದ್ದ ಇರಬೇಕಂತಿಲ್ಲ. ಹನ್ನೆರಡು ಅಂಶ ಅದರಾಗ ಬರೀತಾರ, ಆಳ ಎಷ್ಟು ಅಂತ ಬರಿಯಂಗಿಲ್ಲ, ನಮಗ ಬೇಕಾದ್ದು ಮೊದ್ಲ ಅದ. ಅದಕ್ಕ ಜೋಳ ಕೊಯ್ದ ಮ್ಯಾಲ, ಗೊಬ್ಬರ ಹಾಕೋಕಿಂತ ಮೊದ್ಲ, ಏಪ್ರಿಲ್-ಮೇದಾಗ ನೀವ ಮಾದರಿ ತಗೀರಿ. ಹೊಲದ ಎಂಟು ಹತ್ತು ಕಡಿ, ಬದುವಿನ ಹತ್ರ, ಗಿಡದ ಕೆಳಗ, ತಿಪ್ಪಿ ಇದ್ದ ಜಾಗ ಬಿಟ್ಟು, ಆರು ಇಂಚು ಆಳದ ಗುಂಡಿ ತಗದು ಮಗ್ಗಲಿನ ಮಣ್ಣು ಕೆರೆದು ಎಲ್ಲಾ ಕೂಡ್ಸಿ ಅರ್ಧ ಕೆಜಿ. ಮ್ಯಾಲಿನ ಮಗ್ಗಲ ತೆಳು, ಕೆಳಗಿನ ಮಗ್ಗಲ ಆಳ ಇದ್ರ ಎರಡೂ ಬ್ಯಾರೆ ಬ್ಯಾರೆ ಚೀಲ. ಚೀಟಿ ಮ್ಯಾಲ ಹೆಸರು, ಸರ್ವೆ ನಂಬರ್ ಸಂಗಾಟ "ಖುಷ್ಕಿ, ಹಿಂಗಾರಿ ಜೋಳ" ಅಂತ ದೊಡ್ಡದಾಗಿ ಬರೀರಿ. ಬರೇ "ಜೋಳ" ಅಂತ ಬರದ್ರ ನೀರಾವರಿ ಹೊಲದ ಶಿಫಾರಸು ಬಂದು, ಯೂರಿಯಾ ಮತ್ತ ಡಬಲ್ ಆಗೋ ಸಾಧ್ಯತಾ ಐತಿ.